ತೇರು ಕದಲುವ ಹೊತ್ತು: ನಂದಿಯಲ್ಲಿ ಒಂದು ಘರ್ಷಣೆಯ ಪಾಠ

ಬೋಧನಾಭ್ಯಾಸಕ್ಕೆ ನನಗೆ ಸಿಕ್ಕಿದ್ದು ಚಿಕ್ಕಬಳ್ಳಾಪುರ ತಾಲ್ಲೂಕಿನ ನಂದಿ ಗ್ರಾಮದ ಸಮೀಪದ ಒಂದು ಪ್ರೌಢಶಾಲೆ. ಎಂಟನೇ ತರಗತಿ, ಘಟಕ ‘ಘರ್ಷಣೆ’. ಶಿವರಾತ್ರಿ ಕಳೆದು ವಾರವಾಗಿತ್ತು. ಪೂರ್ವಜ್ಞಾನ ತಿಳಿಯಲೆಂದು “ತುಂಬಾ ಭಾರದ ವಸ್ತುವನ್ನು ಯಾವಾಗಲಾದರೂ ಎಳೆದಿದ್ದೀರಾ?” ಎಂದು ಕೇಳಿದೆ. ಅರ್ಧ ತರಗತಿ ಒಟ್ಟಿಗೆ “ತೇರು” ಎಂದಿತು. ಪೆಟ್ಟಿಗೆ ತಳ್ಳುವ ಮನುಷ್ಯನ ಚಾರ್ಟ್ ನನ್ನ ಚೀಲದಲ್ಲೇ ಉಳಿಯಿತು.

ಅಲ್ಲಿಯ ಭೋಗನಂದೀಶ್ವರನ ಬ್ರಹ್ಮರಥೋತ್ಸವ ಸುತ್ತಲಿನ ಊರುಗಳಿಗೆಲ್ಲ ವರ್ಷದ ದೊಡ್ಡ ಜಾತ್ರೆ. ಮಕ್ಕಳು ತೇರಿಗೆ ಬಾಳೆಹಣ್ಣು, ದವನ ಎಸೆದು ಬಂದಿದ್ದರು, ಹಗ್ಗಕ್ಕೂ ಕೈ ಹಾಕಿದ್ದರು. “ಮೊದ್ಲು ಕದಲಿಸೋದೇ ಕಷ್ಟ ಮೇಡಂ, ಒಂದು ಸಲ ಹೊರಟ್ರೆ ಸಲೀಸಾಗಿ ಬರ್ತದೆ” ಎಂದ ಒಬ್ಬ. ಸ್ಥಾಯೀ ಘರ್ಷಣೆ ಜಾರು ಘರ್ಷಣೆಗಿಂತ ಹೆಚ್ಚು ಎಂದು ನಾನು ಕಪ್ಪುಹಲಗೆಯ ಮೇಲೆ ಬರೆಯಬೇಕಿದ್ದ ವಾಕ್ಯಕ್ಕೆ ಇದು ಬಹಳ ಹತ್ತಿರ. ಆದರೆ ಪೂರ್ತಿ ಒಂದೇ ಅಲ್ಲ, ಏಕೆಂದರೆ ತೇರು ಜಾರುವುದಿಲ್ಲ, ಉರುಳುತ್ತದೆ. ಹಾಗಾಗಿ ಇಟ್ಟಿಗೆಗೆ ದಾರ ಕಟ್ಟಿ ಸ್ಪ್ರಿಂಗ್ ತಕ್ಕಡಿಯಿಂದ ಎಳೆಸಿದೆ. ಕದಲುವ ಕ್ಷಣದವರೆಗೆ ಮುಳ್ಳು ಏರಿ, ಕದಲಿದ ಕೂಡಲೇ ತುಸು ಹಿಂದೆ ಬಂತು. ಇಟ್ಟಿಗೆಯ ಕೆಳಗೆ ಪೆನ್ಸಿಲ್‌ಗಳನ್ನು ಇಟ್ಟಾಗ ಇನ್ನೂ ಇಳಿಯಿತು. ತೇರಿನ ಗಾಲಿಗೆ ಅಡ್ಡ ಕೊಡುವ ಮರದ ತುಂಡು ಏನು ಮಾಡುತ್ತದೆ, ಅಚ್ಚಿಗೆ ಎಣ್ಣೆ ಏಕೆ ಎಂಬುದನ್ನು ನಾನು ವಿವರಿಸುವ ಅಗತ್ಯವೇ ಬೀಳಲಿಲ್ಲ.

ಪಾಠ ವೀಕ್ಷಿಸಿದ ಮೇಲ್ವಿಚಾರಕರು ಸಂಜೆ ಒಂದು ಪ್ರಶ್ನೆ ಇಟ್ಟರು: “ಉದಾಹರಣೆ ಚೆನ್ನಾಗಿದೆ. ಆದರೆ ದೇವಸ್ಥಾನ ಈ ತರಗತಿಯ ಎಲ್ಲ ಮಕ್ಕಳದ್ದೂ ಹೌದೇ? ಕ್ಷೇತ್ರ ಭೇಟಿಗೂ ಅಲ್ಲಿಗೇ ಹೋಗುವೆಯಾ?” ತರಗತಿಯಲ್ಲಿ ಬೇರೆ ಬೇರೆ ಮನೆಗಳ, ಧರ್ಮಗಳ ಮಕ್ಕಳಿದ್ದರು. ಸುಲಭದ ದಾರಿ ಇತ್ತು, ಎತ್ತಿನ ಗಾಡಿಯ ಉದಾಹರಣೆ ಸಾಕಿತ್ತು. ಆದರೂ ಹೋಗಲು ತೀರ್ಮಾನಿಸಿ, ಮುಖ್ಯ ಶಿಕ್ಷಕರ ಮೂಲಕ ಎಲ್ಲ ಪೋಷಕರಿಗೂ ಪತ್ರ ಕಳಿಸಿದೆವು. ಭೇಟಿ ನೋಡುವುದಕ್ಕೆ, ಪೂಜೆಗಲ್ಲ. ಗರ್ಭಗುಡಿಯವರೆಗೆ ಹೋಗುವುದು ಬಿಡುವುದು ಅವರವರ ಇಷ್ಟ.

ಪ್ರತಿ ಗುಂಪಿನ ಪುಸ್ತಕದಲ್ಲಿ ಎರಡು ಕಾಲಂ ಹಾಕಿಸಿದೆ: ‘ಹೇಳುತ್ತಾರೆ’ ಮತ್ತು ‘ಕಾಣುತ್ತದೆ ಅಥವಾ ಬರೆದಿದೆ’. “ಒಂದೇ ರಾತ್ರೀಲಿ ಕಟ್ಟಿದ್ದಂತೆ” ಎಂಬುದು ಮೊದಲನೆಯದಕ್ಕೆ ಹೋಯಿತು. ಯಾರೂ ನಗಲಿಲ್ಲ, ನಾನೂ ತಿದ್ದಲಿಲ್ಲ. ಎರಡನೆಯದನ್ನು ತುಂಬುವುದು ನಿಧಾನದ ಕೆಲಸ. ದಕ್ಷಿಣಕ್ಕೆ ಅರುಣಾಚಲೇಶ್ವರ, ಉತ್ತರಕ್ಕೆ ಭೋಗನಂದೀಶ್ವರ, ಎರಡಕ್ಕೂ ಎದುರಿಗೆ ನಂದಿ ಮಂಟಪ, ಗೋಡೆಗಳಲ್ಲಿ ಕಲ್ಲಿನ ಜಾಲಂಧ್ರ. ಇವೆರಡರ ನಡುವೆ ಇಕ್ಕಟ್ಟಿನಲ್ಲಿ ಉಮಾಮಹೇಶ್ವರನ ಸಣ್ಣ ಗುಡಿ, ಅದರ ಮುಂದೆ ಕಲ್ಯಾಣ ಮಂಟಪ. “ಮಧ್ಯದ್ದು ಆಮೇಲೆ ಸೇರಿಸಿದ್ದು” ಎಂದು ಒಂದು ಗುಂಪು ಬರೆಯಿತು. ಹೇಗೆ ಗೊತ್ತು ಎಂದರೆ, “ಜಾಗ ಸಾಲದೆ ತುರುಕಿದಂಗಿದೆ, ಕಂಬದ ಕಲ್ಲೂ ಬೇರೆ.” ಸುತ್ತೆಲ್ಲ ಬೂದು ಬಣ್ಣದ ಗ್ರಾನೈಟ್ ಇದ್ದರೆ ಮಂಟಪದ ನಾಲ್ಕು ಕಂಬಗಳು ಕಪ್ಪು ಕಲ್ಲಿನವು, ಮೈತುಂಬ ನುಣುಪು ಕೆತ್ತನೆ. ಶಿಲಾವಿಧಗಳ ಪಾಠವನ್ನು ಯಾರೂ ಮಾಡದೆಯೇ ಅದು ಅಲ್ಲಿ ನಡೆದುಹೋಯಿತು. ಅವರ ಊಹೆ ಸರಿ. ಆ ಗುಡಿ ನಂತರದ ಸೇರ್ಪಡೆಯೇ.

ಈ ಶಿವಾಲಯದ ಹೆಸರು ಬರುವ ಹಳೆಯ ದಾಖಲೆಗಳು ಒಂಬತ್ತನೇ ಶತಮಾನದ ಆರಂಭದವು, ಸುಮಾರು 806ರ ಹೊತ್ತಿನವು. ನೊಳಂಬರು, ರಾಷ್ಟ್ರಕೂಟರ ಮುಮ್ಮಡಿ ಗೋವಿಂದ, ಬಾಣರು ಅವುಗಳಲ್ಲಿ ಬರುತ್ತಾರೆ. ಬಾಣ ವಿದ್ಯಾಧರನ ರಾಣಿ ರತ್ನಾವಳಿಯ ಹೆಸರು ಕಟ್ಟಿಸಿದವಳೆಂದು ಸೇರಿಕೊಂಡಿದೆ. ಹುಡುಗಿಯರಿಗೆ ಈ ಹೆಸರು ಹಿಡಿಸಿತು. ‘ಬರೆದಿದೆ’ ಕಾಲಂನಲ್ಲಿ ಅದನ್ನು ದಪ್ಪಕ್ಷರದಲ್ಲಿ ಬರೆದುಕೊಂಡರು. ಆಮೇಲೆ ಚೋಳರು, ಹೊಯ್ಸಳರು, ವಿಜಯನಗರದವರು. ಅಲ್ಲಿಗೆ ಮಕ್ಕಳ ಗಮನ ಕಲ್ಯಾಣಿಯ ಮೆಟ್ಟಿಲುಗಳತ್ತ ಹೋಗಿತ್ತು, ಬಿಟ್ಟೆ.

ಮೇಲ್ವಿಚಾರಕರ ಪ್ರಶ್ನೆ ನನ್ನ ತಲೆಯಲ್ಲಿ ಇದ್ದೇ ಇತ್ತು. ತರಗತಿಯಲ್ಲಿ ಮಾತೇ ಆಡದ ಒಬ್ಬ ಮುಸ್ಲಿಂ ಹುಡುಗಿ ಭೇಟಿಗೆ ಬಂದಿದ್ದಳು, ಒಳಗೆ ಹೋಗದೆ ಕಲ್ಯಾಣಿಯ ಹತ್ತಿರ ಮೆಟ್ಟಿಲಿನ ಎತ್ತರ ಅಳೆಯುವ ಗುಂಪಿನಲ್ಲಿದ್ದಳು. ಅವರ ಮನೆಯವರು ಜಾತ್ರೆಗಳಲ್ಲಿ ಬಳೆ ಅಂಗಡಿ ಹಾಕುತ್ತಾರೆ. ಮರುದಿನ ತೇರಿನ ಚಿತ್ರ ಬಿಡಿಸುವಾಗ ತಾನಾಗಿ ಎದ್ದು, “ಮೇಡಂ, ತೇರು ತಿರುಗೋ ಮೂಲೇಲಿ ಒಳಗಡೆ ಅಂಗಡಿ ಹಾಕಬಾರ್ದು ಅಂತ ನಮ್ಮಬ್ಬ ಹೇಳ್ತಾರೆ. ಹಗ್ಗ ಬಂದು ಬೀಳ್ತದೆ” ಎಂದಳು. ಏಕೆ ಎಂದು ಉಳಿದವರಿಗೆ ಹೊಳೆಯಲಿಲ್ಲ. ಸೀಮೆಸುಣ್ಣ ಕೊಟ್ಟೆ. ಬೀದಿಯ ತಿರುವು, ಎಳೆಯುವವರ ಗೆರೆ, ಹಗ್ಗ ಬಿಗಿಯಾದಾಗ ತಿರುವನ್ನು ಬಿಟ್ಟು ನೇರವಾಗುವುದು, ಹಾಗೆ ನೇರವಾಗುವಾಗ ಒಳಮೂಲೆಯನ್ನು ಸವರಿಕೊಂಡು ಹೋಗುವುದು: ನಾಲ್ಕು ಗೆರೆಗಳಲ್ಲಿ ತೋರಿಸಿದಳು. ಹಗ್ಗದಲ್ಲಿನ ಸೆಳೆತದ ದಿಕ್ಕನ್ನು ಬಾಣದ ಗುರುತಿನಿಂದ ಹಾಕು ಎಂದಾಗ ಅದನ್ನೂ ಸರಿಯಾಗಿ ಹಾಕಿದಳು. ತೇರೆಳೆದ ಹುಡುಗರು ಆ ಚಿತ್ರವನ್ನು ತಮ್ಮ ಪುಸ್ತಕಗಳಿಗೆ ಇಳಿಸಿಕೊಂಡರು.

ಮೇಲ್ವಿಚಾರಕರಿಗೆ ಆ ಹಲಗೆಯ ಫೋಟೋ ತೋರಿಸಿದೆ. ನೋಡಿ, “ಮುಂದಿನ ಘಟಕಕ್ಕೆ ಏನು?” ಎಂದರು. ಒತ್ತಡ, ತೇರಿನ ಗಾಲಿ ಅಷ್ಟು ಅಗಲ ಏಕೆ ಎಂಬುದರಿಂದ ಶುರು ಎಂದೆ. ಪಾಠಯೋಜನೆಯನ್ನು ಸೋಮವಾರ ಕೊಡಲು ಹೇಳಿದರು.