ಹಳೆಯ ಗಾಡಿಯ ಉಸಿರು

ಮಸ್ಕಿಯ ಹೊರವಲಯದ ಒಂದು ತೋಟದ ಮನೆಯ ಹಿಂದೆ ತಗಡಿನ ಮಾಡು ಒಂದಿದೆ. ಅಲ್ಲಿ ಬಿತ್ತನೆಯ ಕೂರಿಗೆ, ಹರಿದ ತಾಡಪತ್ರಿ, ಗೊಬ್ಬರದ ಖಾಲಿ ಚೀಲಗಳು ಇವುಗಳ ನಡುವೆ ಒಂದು ಮೋಟಾರ್ ಸೈಕಲ್ಲು ಹಲವು ವರ್ಷಗಳಿಂದ ನಿಂತಿತ್ತು. ಅದರ ಪೆಟ್ರೋಲ್ ಟಾಕಿಯ ಮೇಲೆ ಕೋಳಿಗಳು ಕುಳಿತು ರಾತ್ರಿ ಕಳೆಯುತ್ತಿದ್ದವು. ಗಾಳಿ ಇಳಿದ ಎರಡು ಚಕ್ರಗಳೂ ನೆಲಕ್ಕೆ ಅಂಟಿಕೊಂಡಿದ್ದವು. ದಾರಿಯಲ್ಲಿ ಹೋಗುವವರಿಗೆ ಅದು ಗುಜರಿಗೆ ಹಾಕಬೇಕಾದ ಕಬ್ಬಿಣವಾಗಿ ಕಾಣುತ್ತಿತ್ತು. ಆ ಮನೆಯ ಹಿರಿಯರಿಗೆ ಮಾತ್ರ ಅದು ಹಾಗೆ ಕಾಣುತ್ತಿರಲಿಲ್ಲ. ನಿಜ ಹೇಳಬೇಕೆಂದರೆ, ಅವರಿಗೆ ಯಾವುದೂ ಸ್ಪಷ್ಟವಾಗಿ ಕಾಣುತ್ತಿರಲಿಲ್ಲ. ಎಂಬತ್ತಾರು ವರ್ಷದ ಅವರ ಕಣ್ಣು ಮಂಜಾಗಿತ್ತು, ಕಿವಿ ಮಾತ್ರ ಚುರುಕಾಗಿತ್ತು.

ಅವರು ಪಶುವೈದ್ಯರಾಗಿದ್ದವರು. 1968ರಲ್ಲಿ ಕೊಂಡ ಆ ಜಾವಾ ಗಾಡಿಯ ಮೇಲೆ ಕುಳಿತು ಮಸ್ಕಿ, ಲಿಂಗಸುಗೂರು, ಸಿಂಧನೂರುಗಳ ನಡುವಣ ಹಳ್ಳಿಗಳನ್ನೆಲ್ಲ ಸುತ್ತಿದವರು. ದನಗಳ ದೊಡ್ಡರೋಗ ಊರೂರುಗಳ ಕೊಟ್ಟಿಗೆಗಳನ್ನು ಬರಿದು ಮಾಡುತ್ತಿದ್ದ ಕಾಲವದು. ಅದಕ್ಕೆ ಹಾಕುವ ಲಸಿಕೆಯನ್ನು ತಂಪಿನಲ್ಲಿಯೇ ಇಡಬೇಕು. ಬಿಸಿ ತಗುಲಿದರೆ ಅದು ನಿಷ್ಪ್ರಯೋಜಕವಾಗುತ್ತದೆ. ರಾಯಚೂರು ಜಿಲ್ಲೆಯ ಬೇಸಗೆಯೆಂದರೆ ಹೇಳಬೇಕಾದುದಿಲ್ಲ. ಮಂಜುಗಡ್ಡೆ ತುಂಬಿದ ಫ್ಲಾಸ್ಕನ್ನು ಹಿಂದಿನ ಸೀಟಿಗೆ ಬಿಗಿದುಕೊಂಡು, ಅದು ಕರಗುವುದರೊಳಗೆ ಡಾಕ್ಟರು ಹಳ್ಳಿಯನ್ನು ಸೇರಬೇಕಾಗಿತ್ತು. ದೂರದಿಂದ ಆ ಗಾಡಿಯ ಸದ್ದು ಕೇಳಿದೊಡನೆ ರೈತರು ದನಗಳನ್ನು ಹಗ್ಗ ಹಿಡಿದು ಬಯಲಿಗೆ ತರುತ್ತಿದ್ದರು. ಆ ರೋಗ ಪ್ರಪಂಚದಿಂದಲೇ ತೊಲಗಿತೆಂದು 2011ರಲ್ಲಿ ಘೋಷಣೆಯಾಯಿತು. ಅಂತಹ ದೊಡ್ಡ ಗೆಲುವಿನ ಹಿಂದೆ ಇಂತಹ ಸಾವಿರಾರು ಸಣ್ಣ ಓಟಗಳಿದ್ದವು.

ಒಂದು ಸಂಜೆ ಹಿರಿಯರು ಮಗನನ್ನು ಕರೆದು, "ತಮ್ಮಾ, ಗಾಡಿ ಒಮ್ಮೆ ಚಾಲೂ ಮಾಡಿಸು. ಅದರ ಸದ್ದು ಕೇಳಬೇಕನಿಸೈತಿ," ಎಂದರು. ಅವರು ಎಂದೂ ಏನನ್ನೂ ಬೇಡಿದವರಲ್ಲ. ಮಗನು ಮರುಮಾತಾಡದೆ ಒಪ್ಪಿಕೊಂಡನು. ಆ ಒಂದು ಮಾತಿನ ಹಿಂದೆ ಎಷ್ಟು ಅಲೆದಾಟವಿದೆ ಎಂಬುದು ಅಂದು ಅವನಿಗೆ ತಿಳಿದಿರಲಿಲ್ಲ.

ಜಾವಾ ಎಂಬುದು ನಮ್ಮ ನಾಡಿನ ಹೆಸರಲ್ಲ. 1929ರಲ್ಲಿ ಚೆಕೊಸ್ಲೊವಾಕಿಯಾ ದೇಶದ ಯಾನೆಚೆಕ್ ಎಂಬ ಉದ್ಯಮಿಯು ಜರ್ಮನಿಯ ವಾಂಡರರ್ ಕಂಪನಿಯಿಂದ ಮೋಟಾರ್ ಸೈಕಲ್ ತಯಾರಿಕೆಯ ಹಕ್ಕನ್ನು ಕೊಂಡಾಗ, ಎರಡು ಹೆಸರುಗಳ ಮೊದಲಕ್ಷರಗಳು ಕೂಡಿ ಈ ಹೆಸರಾಯಿತು. ಆದರೆ ಕನ್ನಡಿಗರಿಗೆ ಜಾವಾ ಎಂದರೆ ಮೈಸೂರು. ಎಫ್. ಕೆ. ಇರಾನಿಯವರ ಐಡಿಯಲ್ ಜಾವಾ ಕಂಪನಿಯು ಅಲ್ಲಿನ ಯಾದವಗಿರಿಯ ಕಾರ್ಖಾನೆಯಲ್ಲಿ 1961ರಿಂದ ಈ ಗಾಡಿಗಳನ್ನು ತಯಾರಿಸತೊಡಗಿತು. 1973ರಿಂದ ಅವು ಯೆಜ್ಡಿ ಎಂಬ ಹೆಸರಿನಲ್ಲಿ ಹೊರಬಂದವು. 1996ರಲ್ಲಿ ಕಾರ್ಖಾನೆ ಮುಚ್ಚಿತು. 2018ರಲ್ಲಿ ಜಾವಾ ಎಂಬ ಹೆಸರು ಮತ್ತೆ ಪೇಟೆಗೆ ಬಂದಿತಾದರೂ ಅದು ಬೇರೆಯೇ ಎಂಜಿನ್ನಿನ ಹೊಸ ಗಾಡಿ. ಅದರ ಎಂಜಿನ್ನಿನ ಭಾಗಗಳು ಹಳೆಯದಕ್ಕೆ ಒಗ್ಗುವುದಿಲ್ಲ.

ತಾಯಿಮನೆ ಮುಚ್ಚಿದ ಗಾಡಿಯ ಬಿಡಿಭಾಗಗಳನ್ನು ಎಲ್ಲಿ ಹುಡುಕುವುದು? ಮಗನು ಮೊದಲು ಹೋದುದು ಮಸ್ಕಿಯಲ್ಲಿಯೇ ಇದ್ದ ಒಬ್ಬ ಹಳೆಯ ಮೇಸ್ತ್ರಿಯ ಬಳಿಗೆ. ಎಪ್ಪತ್ತು ದಾಟಿದ ಅವರನ್ನು ಊರವರೆಲ್ಲ ಚಾಚಾ ಎಂದೇ ಕರೆಯುತ್ತಿದ್ದರು. ಅವರ ಗ್ಯಾರೇಜೆಂದರೆ ಬೇವಿನ ಮರದ ನೆರಳು, ಒಂದು ಮರದ ಪೆಟ್ಟಿಗೆ, ಪಾನಾಗಳ ಒಂದು ಸಾಲು, ಒಬ್ಬ ಶಿಷ್ಯ. ಗಾಡಿಯನ್ನು ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಹಾಕಿಕೊಂಡು ಬಂದುದನ್ನು ಕಂಡು ಅವರು ಎದ್ದು ನಿಂತರು. "ಡಾಕ್ಟರ್ ಸಾಹೇಬರ ಗಾಡಿ!" ಎಂದು ಅದರ ಮೇಲಿನ ಧೂಳನ್ನು ಹೆಗಲ ಮೇಲಿನ ಬಟ್ಟೆಯಿಂದ ತಾವೇ ಒರೆಸಿದರು.

ಎಂಜಿನ್ನು ಬಿಚ್ಚಲು ಎರಡು ದಿನ ಹಿಡಿಯಿತು. ಜಾವಾದ ಎಂಜಿನ್ನು ಎರಡು ಹೊಡೆತದ್ದು. ಅದಕ್ಕೆ ಪೆಟ್ರೋಲಿನಲ್ಲಿಯೇ ಎಣ್ಣೆಯನ್ನು ಬೆರೆಸಿ ಹಾಕಬೇಕು. ಪಿಸ್ಟನ್ ಕೆಳಗಿಳಿಯುವಾಗ ಕೆಳಗಿನ ಕೋಣೆಯಲ್ಲಿರುವ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣವನ್ನು ಒತ್ತಿ ಮೇಲಕ್ಕೆ ಕಳುಹಿಸುತ್ತದೆ. ಆ ಕೋಣೆಯ ಎರಡು ಪಕ್ಕಗಳಲ್ಲಿರುವ ರಬ್ಬರಿನ ಆಯಿಲ್ ಸೀಲುಗಳು ಒಣಗಿ ಬಿರಿದರೆ ಹೊರಗಿನ ಗಾಳಿ ಒಳನುಗ್ಗುತ್ತದೆ. ಆಗ ಎಂಜಿನ್ನಿಗೆ ಇಂಧನವೂ ಸಾಲದು, ಅದರೊಡನೆ ಬರುವ ಎಣ್ಣೆಯೂ ಸಾಲದು. ಅದು ಕಾದು ಪಿಸ್ಟನ್ ಹಿಡಿದುಕೊಳ್ಳುತ್ತದೆ. ಡಾಕ್ಟರ ಗಾಡಿಗೆ ಆದುದು ಇದೇ. ನಾಲ್ಕಾಣೆಯ ರಬ್ಬರು ಸೋತುದರಿಂದ ಉಕ್ಕಿನ ಎಂಜಿನ್ನು ಸೋತಿತ್ತು. ಕ್ರ್ಯಾಂಕಿನ ತೊಡೆಯ ಬೇರಿಂಗು ಸವೆದಿತ್ತು, ಸಿಲಿಂಡರಿನಲ್ಲಿ ಗೀರುಗಳು ಬಿದ್ದಿದ್ದವು. ಚಾಚಾ ಹಳೆಯ ಕ್ಯಾಲೆಂಡರಿನ ಹಾಳೆಯ ಹಿಂಬದಿಯಲ್ಲಿ ಬೇಕಾದ ಸಾಮಾನುಗಳ ಪಟ್ಟಿ ಬರೆಸಿದರು: ಪಿಸ್ಟನ್, ರಿಂಗುಗಳು, ಸೀಲುಗಳು, ಬೇರಿಂಗುಗಳು, ಪಾಯಿಂಟು, ಚೈನು, ಎರಡು ಟೈರು, ಎರಡು ಟ್ಯೂಬು.

ಟೈರಿಗಾಗಿ ಮಗನು ಲಿಂಗಸುಗೂರಿಗೆ ಹೋದನು. ಆ ಜಾವಾದ ಚಕ್ರಗಳು 16 ಅಂಗುಲದವು. ಟೈರಿನ ಮೇಲೆ 3.25–16 ಎಂದು ಬರೆದಿರುತ್ತದೆ. ಮೊದಲನೆಯದು ಟೈರಿನ ಅಗಲ, ಎರಡನೆಯದು ಅದು ಕೂಡುವ ರಿಮ್ಮಿನ ಅಡ್ಡಳತೆ, ಎರಡೂ ಅಂಗುಲಗಳಲ್ಲಿ. ಅಂಗಡಿಗಳಲ್ಲಿ ಹದಿನೇಳು, ಹದಿನೆಂಟು ಅಂಗುಲದ ಟೈರುಗಳು ಗೋಪುರದಂತೆ ಪೇರಿಸಿದ್ದವು. ಈ ಅಳತೆಯದು ಮಾತ್ರ ಎಲ್ಲಿಯೂ ಇರಲಿಲ್ಲ. ಕೊನೆಯ ಅಂಗಡಿಯವನು ಅಟ್ಟ ಹತ್ತಿ, ಕಾಗದ ಸುತ್ತಿದ ಒಂದು ಜೊತೆಯನ್ನು ಕೆಳಗಿಳಿಸಿದನು. ಒಮ್ಮೆಯೂ ರಸ್ತೆ ಮುಟ್ಟದ ಟೈರುಗಳು ಕಪ್ಪಗೆ ಹೊಳೆಯುತ್ತಿದ್ದವು. ಮಗನು ಹಿಗ್ಗಿನಿಂದ ಅವನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡೇ ಮಸ್ಕಿಗೆ ತಂದನು.

ಚಾಚಾ ಅವನ್ನು ನೋಡಿ ಹಿಗ್ಗಲಿಲ್ಲ. ಟೈರಿನ ಪಕ್ಕವನ್ನು ಮಡಿಸಿ ಬಿಸಿಲಿಗೆ ಹಿಡಿದರು. ಕೆರೆಯ ಒಣಗಿದ ಕೆಸರಿನಂತೆ ಅಲ್ಲಿ ಕೂದಲೆಳೆಯ ಬಿರುಕುಗಳು ಕಂಡವು. ಬಳಿಕ ಶಿಷ್ಯನಿಂದ ಅಲ್ಲಿದ್ದ ಸಣ್ಣ ಅಂಕೆಗಳನ್ನು ಓದಿಸಿದರು. 0806 ಎಂದಿದ್ದಿತು. ಈ ನಾಲ್ಕು ಅಂಕೆಗಳು ಟೈರಿನ ಜನ್ಮಪತ್ರಿಕೆ. ಮೊದಲೆರಡು ಅದು ಹುಟ್ಟಿದ ವಾರ, ಕೊನೆಯೆರಡು ಹುಟ್ಟಿದ ವರ್ಷ. 2006ನೆಯ ಇಸವಿಯ ಎಂಟನೆಯ ವಾರದಲ್ಲಿ ತಯಾರಾದ ಆ ರಬ್ಬರು ಅಟ್ಟದ ಬಿಸಿಯಲ್ಲಿ ಮುದಿಯಾಗಿತ್ತು.

"ಓಡಿಸುವುದೇ ಅಷ್ಟು ಕಡಿಮೆ, ಚಾಚಾ. ಹಾಕಿಬಿಡ್ರಿ," ಎಂದನು ಮಗ.

"ಕಬ್ಬಿಣ ಹಳೇದಿದ್ದರ ನಡೀತದ, ತಮ್ಮಾ. ರಬ್ಬರು ನಡಿಯಂಗಿಲ್ಲ. ನಾಳೆ ನಿನ್ನ ಮಗ ಇದರ ಮೇಲೆ ಕುಂದ್ರತಾನ. ನನ್ನ ಕೈಯಿಂದ ಇದನ್ನು ಹಾಕಂಗಿಲ್ಲ," ಎಂದು ಚಾಚಾ ಪಾನಾ ಕೆಳಗಿಟ್ಟರು. ಅಂಗಡಿಯವನಿಗೆ ಮೋಸದ ಉದ್ದೇಶವಿರಲಿಲ್ಲ. ಅವನಿಗೂ ಆ ಅಂಕೆಗಳ ಅರ್ಥ ತಿಳಿದಿರಲಿಲ್ಲ. ವಿಷಯ ಕೇಳಿ ಹಣವನ್ನು ಹಿಂದಿರುಗಿಸಿದನು. ಆ ಅಳತೆಯ ಹೊಸ ಟೈರುಗಳನ್ನು ಮೈಸೂರಿನಿಂದ ತರಿಸಬೇಕಾಯಿತು. ಕಾರ್ಖಾನೆ ಮುಚ್ಚಿದರೂ ಅದರ ಗಾಡಿಗಳನ್ನು ಪ್ರೀತಿಸುವವರು ಉಳಿದಿರುವುದರಿಂದ, ಅವರಿಗಾಗಿ ಬಿಡಿಭಾಗಗಳನ್ನು ಮಾಡುವವರೂ ಮಾರುವವರೂ ಉಳಿದಿದ್ದಾರೆ. ಪಟ್ಟಿಯಲ್ಲಿನ ಸಣ್ಣಪುಟ್ಟ ಸಾಮಾನುಗಳೂ ಪಾರ್ಸಲಿನಲ್ಲಿ ಬಂದವು.

ಸಿಲಿಂಡರಿನ ಕೆಲಸ ಸಿಂಧನೂರಿನಲ್ಲಿ ಆಗಬೇಕಾಗಿತ್ತು. ತುಂಗಭದ್ರೆಯ ಎಡದಂಡೆ ಕಾಲುವೆ ಆ ಊರಿಗೆ ಭತ್ತವನ್ನು ತಂದಿತು. ಭತ್ತದ ಹಿಂದೆ ಅಕ್ಕಿಯ ಗಿರಣಿ, ಟ್ರ್ಯಾಕ್ಟರುಗಳು ಬಂದವು. ಅವುಗಳ ಹಿಂದೆಯೇ ಲೇತುಗಳೂ ಅವನ್ನು ನಡೆಸಬಲ್ಲ ಕೈಗಳೂ ಬಂದವು. ಲೇತಿನವನು ಸಿಲಿಂಡರನ್ನು ಅಳೆದು, ಅರ್ಧ ಮಿಲಿಮೀಟರು ದೊಡ್ಡದಾಗಿ ಕೊರೆದರೆ ಗೀರುಗಳು ಹೋಗುತ್ತವೆ, ಅದಕ್ಕೆ ತಕ್ಕ ದೊಡ್ಡ ಪಿಸ್ಟನ್ ಹಾಕಬಹುದು ಎಂದನು. ತೊಡಕು ಉಳಿದುದು ಕ್ರ್ಯಾಂಕಿನದು. ಅದನ್ನು ಪ್ರೆಸ್ಸಿನಲ್ಲಿ ಬಿಡಿಸಿ, ಹೊಸ ಕನೆಕ್ಟಿಂಗ್ ರಾಡನ್ನೂ ಬೇರಿಂಗನ್ನೂ ಕೂಡಿಸಿ, ಕೂದಲೆಳೆಯಷ್ಟೂ ಓರೆಯಾಗದಂತೆ ಮತ್ತೆ ಜೋಡಿಸಬೇಕು. ಸಾಮಾನು ಬಂದು ಕೆಲಸ ಮುಗಿಯಲು ಮೂರು ವಾರ ಬೇಕು, ಖರ್ಚೂ ಹೆಚ್ಚು.

ಆ ಹೊತ್ತಿಗೆ ಗುಜರಿ ಅಂಗಡಿಯೊಂದರಲ್ಲಿ ಇನ್ನೊಂದು ಜಾವಾ ಕಣ್ಣಿಗೆ ಬಿದ್ದಿತು. ಬಣ್ಣ ಮಾಸಿದ್ದರೂ ಅದು ಇಡಿಯಾಗಿತ್ತು. ಯಾವುದೋ ಮನೆಯವರು ಯಜಮಾನರು ತೀರಿಕೊಂಡ ಮೇಲೆ ಜಾಗ ತೆರವು ಮಾಡಲು ಅದನ್ನು ಕಾಗದಪತ್ರಗಳ ಸಹಿತ ಕೊಟ್ಟು ಹೋಗಿದ್ದರು. "ಎಂಜಿನ್ನು ಬಿಚ್ಚಿಕೊಂಡು ಒಯ್ಯಿರಿ. ಉಳಿದದ್ದು ತೂಕಕ್ಕೆ ಹೋಗ್ತದ," ಎಂದನು ಗುಜರಿಯವನು. ಕ್ರ್ಯಾಂಕು ಅಂದೇ ಕೈಗೆ ಸಿಗುವಂತಿತ್ತು. ಎಂಬತ್ತಾರು ವರ್ಷದ ತಂದೆಯ ಲೆಕ್ಕದಲ್ಲಿ ಮೂರು ವಾರ ಸಣ್ಣ ಅವಧಿಯಲ್ಲ. ಆದರೂ ಮಗನಿಗೆ ಮನಸ್ಸು ಒಗ್ಗದೆ, ನಾಳೆ ಬರುವುದಾಗಿ ಹೇಳಿ ಊರಿಗೆ ಮರಳಿದನು.

ರಾತ್ರಿ ಊಟದ ವೇಳೆಗೆ ಅವನು ಈ ಮಾತನ್ನು ಎತ್ತಿದಾಗ ಹಿರಿಯರು ತುತ್ತನ್ನು ಕೈಯಲ್ಲಿಯೇ ಹಿಡಿದು ಕೇಳಿದರು: "ಅದು ಸತ್ತೈತೇನು, ಇಲ್ಲಾ ಮಲಗೈತೇನು?"

"ಅದನ್ನು ನೋಡಲಿಲ್ಲಪ್ಪಾ."

"ನೋಡಿ ಬಾ. ಸತ್ತ ದನಾನ ಕೊಯ್ದು ನೋಡಿದ್ದೀನಿ, ಉಸಿರಾಡೋದನ್ನು ಕೊಯ್ದಿಲ್ಲ."

ಮರುದಿನ ಚಾಚಾ, ಶಿಷ್ಯ ಇಬ್ಬರೂ ಜೊತೆಗೆ ಹೋದರು. ಜಾವಾದಲ್ಲಿ ಕಿಕ್ಕಿಗೂ ಗೇರಿಗೂ ಒಂದೇ ಸನ್ನೆಕೋಲು. ಚಾಚಾ ಅದನ್ನು ಹಿಂದಕ್ಕೆ ತಿರುಗಿಸಿ, ಮೆಲ್ಲಗೆ ಕಾಲಿನಿಂದ ಒತ್ತಿದರು. ಒಳಗಿನಿಂದ ಯಾರೋ ತಡೆದು ನಿಲ್ಲಿಸಿದಂತೆ ಅದು ಗಟ್ಟಿಯಾಗಿ ನಿಂತು, ಬಳಿಕ ಇಳಿಯಿತು. ಮೂರು ಸಲ ಒತ್ತಿ ನೋಡಿ, "ಮಲಗೈತಿ," ಎಂದರು. ಬಳಿಕ ಯಾರೂ ಎಂಜಿನ್ನನ್ನು ಬಿಚ್ಚುವ ಮಾತಾಡಲಿಲ್ಲ. ಚಾಚಾ ತಮ್ಮ ಅಂಗಿಯ ಒಳಜೇಬಿನಿಂದ ಹಣ ತೆಗೆದು ಇಡೀ ಗಾಡಿಯನ್ನೇ ಕೊಂಡರು. ಅದನ್ನು ಶಿಷ್ಯನಿಗೆ ತೋರಿಸಿ, "ಇದು ನಿನ್ನ ಪಾಠ. ನೀನೇ ಎಬ್ಬಿಸಬೇಕು," ಎಂದರು. ಹುಡುಗನು ಬಾಯಿ ಬಿಡಲಾರದೆ ಅದರ ಹ್ಯಾಂಡಲನ್ನು ಹಿಡಿದು ನಿಂತನು. ಡಾಕ್ಟರ ಗಾಡಿಯ ಕ್ರ್ಯಾಂಕು ಪ್ರೆಸ್ಸಿಗೆ ಹೋಯಿತು.

ಮಸ್ಕಿಯ ಬೆಟ್ಟದಲ್ಲಿ ಅಶೋಕನ ಶಾಸನವಿದೆ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಎಂಬವರು ಅದನ್ನು ಕಂಡರು. ಶಾಸನಗಳಲ್ಲಿ ಬರುವ ದೇವಾನಾಂಪ್ರಿಯನು ಅಶೋಕನೇ ಎಂಬುದು ಅಲ್ಲಿ ಕೊರೆದ ಹೆಸರಿನಿಂದ ಖಚಿತವಾಯಿತು. ದೊಡ್ಡವರಷ್ಟೇ ಅಲ್ಲ, ಸಣ್ಣವರೂ ಧರ್ಮದಲ್ಲಿ ತೊಡಗಿದರೆ ಉನ್ನತವಾದುದನ್ನು ಪಡೆಯಬಲ್ಲರು ಎಂಬುದು ಆ ಶಾಸನದ ಒಂದು ಆಶಯ. ಚಾಚಾ ಆ ಬಂಡೆಯನ್ನು ಓದಿದವರಲ್ಲ. ಅದರ ಊರಿನಲ್ಲಿ ಬೇವಿನ ನೆರಳಿನಲ್ಲಿ ಕುಳಿತು ಐವತ್ತು ವರ್ಷ ಪಾನಾ ಹಿಡಿದವರು, ಅಷ್ಟೆ.

ಮೂರು ವಾರ ಎಂದುದು ಐದಾಯಿತು. ಈ ನಡುವೆ ಹಿರಿಯರಿಗೆ ಒಮ್ಮೆ ಜ್ವರ ಬಂದು, ಮನೆಯವರೆಲ್ಲ ಎರಡು ರಾತ್ರಿ ನಿದ್ದೆಗೆಟ್ಟರು. ಮಗನು ಒಳಗೊಳಗೇ ತನ್ನನ್ನು ಹಳಿದುಕೊಂಡನು. ಜ್ವರ ಬಿಟ್ಟಿತು. ಒಂದು ಮುಂಜಾನೆ ಗಾಡಿ ಮನೆಯ ಅಂಗಳಕ್ಕೆ ಬಂದಿತು. ಹಿರಿಯರನ್ನು ಕುರ್ಚಿಯ ಮೇಲೆ ತಂದು ಕೂರಿಸಿದರು. ಅವರು ಕೈ ಚಾಚಿ ಟಾಕಿಯನ್ನು ಸವರಿ, ಸೀಟನ್ನು ಸವರಿ, ಫ್ಲಾಸ್ಕು ಕಟ್ಟುತ್ತಿದ್ದ ಕಬ್ಬಿಣದ ಕೊಂಡಿಯನ್ನು ಬೆರಳಿನಿಂದ ಹುಡುಕಿ ಹಿಡಿದರು.

ಚಾಚಾ ಕಿಕ್ಕು ಹೊಡೆದರು. ಒಂದು, ಎರಡು, ಮೂರನೆಯದಕ್ಕೆ ನೀಲಿ ಹೊಗೆಯೊಡನೆ ಆ ಹಳೆಯ ಸದ್ದು ಎದ್ದಿತು. ಪಕ್ಕದ ಕೊಟ್ಟಿಗೆಯಲ್ಲಿ ಎತ್ತುಗಳು ಕಿವಿ ನಿಮಿರಿಸಿದವು. ಮನೆಯ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಎಲ್ಲರೂ ಹಿರಿಯರ ಮುಖವನ್ನೇ ನೋಡುತ್ತಿದ್ದರು. ಅವರು ಅಳಲಿಲ್ಲ, ನಗಲಿಲ್ಲ. ದನದ ಎದೆಗೆ ಕಿವಿಗೊಟ್ಟಾಗ ಮಾಡುತ್ತಿದ್ದಂತೆ ತಲೆಯನ್ನು ಒಂದು ಕಡೆಗೆ ಬಾಗಿಸಿ ಬಹಳ ಹೊತ್ತು ಕೇಳಿದರು. ಬಳಿಕ ಕೈಯೆತ್ತಿ ನಿಲ್ಲಿಸುವಂತೆ ಸನ್ನೆ ಮಾಡಿದರು.

"ಎಡಗಡೆ ಉಸಿರು ಕಟ್ಟೈತಿ, ಮೇಸ್ತ್ರಿ," ಎಂದರು.

ಚಾಚಾ ಬೆರಗಾದರು. ಆ ಗಾಡಿಯ ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರುಗಳಿವೆ. ಎಡಗಡೆಯದರ ಒಳಕೊಳವೆಯನ್ನು ಎಳೆದು ನೋಡಿದಾಗ ವರ್ಷಗಳ ಎಣ್ಣೆಮಸಿ ಗಟ್ಟಿಯಾಗಿ ಕುಳಿತು ಅದರ ರಂಧ್ರಗಳು ಮುಚ್ಚಿದ್ದುದು ಕಂಡಿತು. ಶಿಷ್ಯನು ತಂತಿಯಿಂದ ಅದನ್ನು ಕೆರೆದು, ಸೀಮೆಎಣ್ಣೆಯಲ್ಲಿ ತೊಳೆದು ಮತ್ತೆ ಕೂಡಿಸಿದನು.

ಎರಡನೆಯ ಸಲ ಒಂದೇ ಕಿಕ್ಕಿಗೆ ಗಾಡಿ ಎದ್ದಿತು. ಹಿರಿಯರು ಕುರ್ಚಿಗೆ ಒರಗಿ ಕಣ್ಣು ಮುಚ್ಚಿದರು. "ಈಗ ಬರೋಬ್ಬರಿ ಐತಿ," ಎಂದರು. ಅಂಗಳದ ಬೇಲಿಯಾಚೆ, ಆ ಸದ್ದು ಕೇಳಿ, ತಲೆ ನರೆತ ಇಬ್ಬರು ರೈತರು ದಾರಿಯಲ್ಲಿಯೇ ನಿಂತು ಇತ್ತ ತಿರುಗಿ ನೋಡುತ್ತಿದ್ದರು.