ಸೆನೋಟೆಯ ನೀರಿನಲ್ಲಿ ತಕ್ಕಡಿ

ಮೆಕ್ಸಿಕೋದ ಯುಕಟಾನ್ ಪರ್ಯಾಯ ದ್ವೀಪದ ಉತ್ತರ ಭಾಗದಲ್ಲಿ ಹೊಳೆ ಹುಡುಕಿಕೊಂಡು ಹೋದರೆ ನಿರಾಸೆಯೇ ಗತಿ. ಬಿದ್ದ ಮಳೆಯೆಲ್ಲ ಸುಣ್ಣಕಲ್ಲಿನ ನೆಲಕ್ಕೆ ಇಂಗಿ, ಒಳಗೊಳಗೇ ಹರಿದು ಕಡಲು ಸೇರುತ್ತದೆ. ಗುಹೆಯ ಚಾವಣಿ ಕುಸಿದಲ್ಲಿ ನೀರು ಕಣ್ಣಿಗೆ ಬೀಳುತ್ತದೆ. ಈ ಹೊಂಡಗಳೇ ಸೆನೋಟೆಗಳು. ಮಾಯಾ ಜನರಿಗೆ ಇವು ಕುಡಿಯುವ ನೀರಿನ ಬಾವಿಯೂ ಹೌದು, ದೇವರ ಸನ್ನಿಧಿಯೂ ಹೌದು. ಟುಲುಮ್ ಪಟ್ಟಣದ ಹತ್ತಿರದ ಸಾಕ್ ಆಕ್ಟುನ್ ಜಲಗುಹೆ ಪಕ್ಕದ ಡೋಸ್ ಓಹೋಸ್‌ಗೆ ಕೂಡಿಕೊಂಡಿದೆಯೆಂದು 2018ರಲ್ಲಿ ಪತ್ತೆಯಾದಾಗ ಒಟ್ಟು ಉದ್ದ 347 ಕಿಲೋಮೀಟರ್ ಎಂದು ಲೆಕ್ಕ ಹಾಕಿದರು. ಡೋಸ್ ಓಹೋಸ್ ಎಂದರೆ ಎರಡು ಕಣ್ಣು. ಮೇಲಿನಿಂದ ನೋಡಿದರೆ ಹೆಸರು ಸುಳ್ಳಲ್ಲ.

ಇಂಥ ಒಂದು ಸೆನೋಟೆಯ ಮರದ ಮೆಟ್ಟಿಲ ಮೇಲೆ ಕುಳಿತು ನಾನು ಸೊಂಟಕ್ಕೆ ಸೀಸ ಕಟ್ಟಿಕೊಳ್ಳುತ್ತಿದ್ದೆ. ಸಿಲಿಂಡರ್ ಬೆನ್ನ ಮೇಲಿರಲಿಲ್ಲ. ಕಂಕುಳ ಕೆಳಗೆ, ಮೈಯ ಎರಡೂ ಬದಿಗೆ ಒಂದೊಂದು. ಇದಕ್ಕೆ ಸೈಡ್‌ಮೌಂಟ್ ಎನ್ನುತ್ತಾರೆ. ಬೆನ್ನಿನ ಹೊರೆ ಹೊತ್ತು ನುಸುಳಲಾಗದ ಇಕ್ಕಟ್ಟು ಗುಹೆಗಳಿಗಾಗಿ ಹುಟ್ಟಿದ ಉಪಾಯ. ಎರಡು ಕೊಡಗಳ ಅಡ್ಡೆ ಹೊತ್ತವರಿಗೆ ಇದರ ಕಷ್ಟ ಬೇಗ ಅರ್ಥವಾದೀತು.

ಕಡಲಿನಲ್ಲಿ ಕಲಿತಿದ್ದ ನಾನು ಅಲ್ಲಿ ಕಟ್ಟುತ್ತಿದ್ದಷ್ಟೇ ಸೀಸವನ್ನು ಇಲ್ಲೂ ಕಟ್ಟಿದ್ದೆ. ತಪ್ಪು ಅಲ್ಲೇ ಆಯಿತು. ಉಪ್ಪುನೀರು ಸಿಹಿನೀರಿಗಿಂತ ಸುಮಾರು ಶೇಕಡಾ ಎರಡೂವರೆಯಷ್ಟು ಭಾರ. ಸಲಕರಣೆ ಸೇರಿ ನೂರು ಕಿಲೋ ತೂಗುವವನನ್ನು ಕಡಲು ಎರಡೂವರೆ ಕಿಲೋದಷ್ಟು ಹೆಚ್ಚು ಎತ್ತಿ ಹಿಡಿಯುತ್ತದೆ. ಸೆನೋಟೆಯ ಸಿಹಿನೀರಿಗೆ ಆ ಔದಾರ್ಯವಿಲ್ಲ. ಶಾಲೆಯಲ್ಲಿ ಉರು ಹೊಡೆದ ಆರ್ಕಿಮಿಡೀಸನ ನಿಯಮ ನೆನಪಾಗುವ ಹೊತ್ತಿಗೆ ನನ್ನ ಕಾಲು ಕೆಳಗಿಳಿದಿತ್ತು. ಗಾಬರಿಯಲ್ಲಿ ಒದ್ದೆ. ಸಾವಿರಾರು ವರ್ಷ ಕದಲದೆ ಕುಳಿತಿದ್ದ ಬಿಳಿ ಹೂಳು ಎದ್ದಿತು. ಗಾಜಿನಂತಿದ್ದ ನೀರು ಕ್ಷಣದಲ್ಲಿ ಮಜ್ಜಿಗೆ. ಹೊರದಾರಿಯ ಗುರುತಿಗೆ ಕಟ್ಟಿದ್ದ ಹಗ್ಗ ಮಾಯವಾಯಿತು.

ಶಿಕ್ಷಕಿ ನನ್ನ ಕೈ ಹಿಡಿದು ಹಗ್ಗದ ಮೇಲಿಟ್ಟರು. ಬೆರಳುಗಳ ನಡುವೆ ಅದನ್ನು ಬಿಡದೆ ಹಿಂದಿರುಗಿದೆ. ದೂರದಲ್ಲಿ ಹಗಲಿನ ನೀಲಿ ಕಂಡಾಗಲೇ ಉಸಿರಾಟ ಹದಕ್ಕೆ ಬಂದದ್ದು.

ಅವರು ಗದರಲಿಲ್ಲ. ಎರಡು ಕಿಲೋ ಸೀಸ ತೆಗೆದಿಟ್ಟರು. ಉಳಿದದ್ದನ್ನು ಸೊಂಟದಿಂದ ಬಿಚ್ಚಿ ಬೆನ್ನುಹುರಿಯ ಉದ್ದಕ್ಕೆ, ಭುಜದ ಹತ್ತಿರ ಕಟ್ಟಿದರು. ನಮ್ಮ ಶ್ವಾಸಕೋಶವೇ ಎದೆಯಲ್ಲಿರುವ ಸೋರೆಬುರುಡೆ. ಹಳ್ಳಿಯಲ್ಲಿ ಈಜು ಕಲಿಯುವ ಮಕ್ಕಳಿಗೆ ಕಟ್ಟುತ್ತಿದ್ದರಲ್ಲ, ಅದೇ. ಎದೆ ಮೇಲೆ, ಕಾಲು ಕೆಳಗೆ ಎನ್ನುವುದು ಅದರ ಸ್ವಭಾವ. ಭಾರ ತಲೆಯ ಕಡೆಗೆ ಸರಿದರೆ ಮೈ ಚಾಪೆಯಂತೆ ಅಡ್ಡವಾಗುತ್ತದೆ. ಮುಳುಗುಗಾರರು ಟ್ರಿಮ್ ಎನ್ನುವುದು ಇದಕ್ಕೇ.

ಇಷ್ಟಕ್ಕೇ ಮುಗಿಯಲಿಲ್ಲ. ಗಾಳಿಗೂ ತೂಕವಿದೆಯೆಂದು ಪುಸ್ತಕದಲ್ಲಿ ಓದಿರುತ್ತೇವೆ, ನಂಬಿರುವುದಿಲ್ಲ. 11 ಲೀಟರಿನ ಅಲ್ಯೂಮಿನಿಯಂ ಸಿಲಿಂಡರ್‌ಗೆ 200 ಬಾರ್ ಒತ್ತಡದಲ್ಲಿ ತುಂಬಿದ ಗಾಳಿ ಎರಡೂವರೆ ಕಿಲೋಗೂ ಮಿಕ್ಕು ತೂಗುತ್ತದೆ. ಅದನ್ನು ಉಸಿರಾಡಿದಂತೆಲ್ಲ ಸಿಲಿಂಡರ್ ಹಗುರಾಗುತ್ತದೆ. ತುಂಬಿದಾಗ ಮುಳುಗುವುದು ಖಾಲಿಯಾದಾಗ ತೇಲುತ್ತದೆ, ಅದೂ ಬಾಲದ ಕಡೆಯಿಂದ. ಎರಡನೆಯ ಸಲ ಇಳಿದಾಗ ಅರ್ಧ ದಾರಿಯಲ್ಲಿ ನನ್ನ ಸಿಲಿಂಡರ್‌ಗಳ ಹಿಂಬದಿ ಮೇಲೇಳತೊಡಗಿತು. ಸೊಂಟದ ಹಿಂದಿನ ಕೊಕ್ಕೆ ಬಿಚ್ಚಿ ಮುಂದಿನ ಉಂಗುರಕ್ಕೆ ಸಿಕ್ಕಿಸಿದೆ. ಮತ್ತೆ ಮೈಗೆ ಒರಗಿದವು. ಒಂದೇ ಬದಿಯ ಗಾಳಿ ಮುಗಿಸಿದರೆ ಮೈ ವಾಲುತ್ತದೆ. ಆದ್ದರಿಂದ ಸ್ವಲ್ಪ ಎಡದ್ದು, ಸ್ವಲ್ಪ ಬಲದ್ದು. ಒಂದು ಬದಿ ಕೆಟ್ಟರೆ ಇನ್ನೊಂದರಲ್ಲಿ ಹೊರಬರುವಷ್ಟು ಗಾಳಿ ಉಳಿದಿರಬೇಕೆಂಬ ಲೆಕ್ಕವೂ ಇದರಲ್ಲಿದೆ. ಸೀಸ ಎಷ್ಟು ಬೇಕೆಂದು ನೋಡುವುದು ಕೂಡ ಸಿಲಿಂಡರ್ ಬಹುತೇಕ ಖಾಲಿಯಿದ್ದಾಗಲೇ.

ಮಗನೋ ಮಗಳೋ ಸ್ಕೂಬಾ ಕಲಿತು ಬಂದರೆ ಎಷ್ಟು ಆಳ ಹೋದೆ ಎಂದು ಕೇಳುವುದು ನಮ್ಮ ರೂಢಿ. ಕೈಕಾಲು ಆಡಿಸದೆ ಎಷ್ಟು ಹೊತ್ತು ನಿಂತಿದ್ದೆ ಎಂದು ಕೇಳಿ ನೋಡಿ.

ಹಗಲಿನ ಬೆಳಕು ತಲುಪುವ ಎಲ್ಲೆಯಲ್ಲಿ ಒಂದು ಫಲಕವಿತ್ತು, ಅದರ ಮೇಲೆ ಕುಡುಗೋಲು ಹಿಡಿದ ಮೃತ್ಯುವಿನ ಚಿತ್ರ. ಗುಹೆಯ ತರಬೇತಿ ಇಲ್ಲದವರು ಅದನ್ನು ದಾಟುವಂತಿಲ್ಲ. ನಾನು ಅಲ್ಲೇ ತಿರುಗಿದೆ. ತಿರುಗುವಾಗ ಒಮ್ಮೆ ಹಿಂದೆ ನೋಡಿದೆ. ನಾನು ಬಂದ ದಾರಿಯಲ್ಲಿ ನೀರು ಹಾಗೆಯೇ ತಿಳಿಯಾಗಿತ್ತು; ಹೂಳು ಕದಲಿರಲಿಲ್ಲ.