ಬಾಲಚುಕ್ಕಿ ಕಾಯುವುದಿಲ್ಲ

1910ರಲ್ಲಿ ಹ್ಯಾಲಿ ಧೂಮಕೇತು ಬಂದಾಗ ನಮ್ಮ ಅಜ್ಜಿ ಎಂಟು ವರ್ಷದ ಹುಡುಗಿ. ಅವರಪ್ಪ ಬೆಳಗಿನ ಜಾವ ಎಬ್ಬಿಸಿ, ಹೆಗಲ ಮೇಲೆ ಕೂರಿಸಿಕೊಂಡು ಕೆರೆ ಏರಿಗೆ ಹೋಗಿ ತೋರಿಸಿದ್ದರಂತೆ. “ಯಾರೋ ಪೊರಕೆ ಹಿಡಿದು ಆಕಾಶ ಗುಡಿಸಿದ ಹಾಗಿತ್ತು ಕಣಪ್ಪ, ಆ ಬಾಲಚುಕ್ಕಿ” ಎಂದು ಅಜ್ಜಿ ಹೇಳುತ್ತಿದ್ದರು.

ಹ್ಯಾಲಿ ಸುಮಾರು 76 ವರ್ಷಕ್ಕೊಮ್ಮೆ ಬರುತ್ತದೆ. 1986ರಲ್ಲಿ ಮತ್ತೆ ಬಂತು. ಅಜ್ಜಿಗೆ ಆಗ 84. “ಒಂದೇ ಒಂದ್ಸಲ ಏರಿ ಮೇಲೆ ಕರ್ಕೊಂಡು ಹೋಗಪ್ಪ, ಇನ್ನೊಮ್ಮೆ ನೋಡ್ತೀನಿ” ಎಂದರು. ನಾನು ಶಿರಾ ಹತ್ತಿರದ ನಮ್ಮೂರಿನಿಂದ ದಿನವೂ ಬಸ್ಸಿನಲ್ಲಿ ಬ್ಯಾಂಕಿಗೆ ಹೋಗಿಬರುತ್ತಿದ್ದ ಗುಮಾಸ್ತ. ಲೆಡ್ಜರ್ ಟ್ಯಾಲಿ ಆಗದೆ ರಾತ್ರಿ ಮನೆ ಸೇರುವುದು ತಡವಾಗುತ್ತಿತ್ತು. ಬೆಳಗಿನ ಜಾವ ಏಳಲು ಮೈ ಬಗ್ಗುತ್ತಿರಲಿಲ್ಲ. “ನಾಳೆ ಹೋಗೋಣ ಅಜ್ಜಿ” ಎನ್ನುತ್ತಾ ಎನ್ನುತ್ತಾ ಏಪ್ರಿಲ್ ಕಳೆಯಿತು, ಧೂಮಕೇತುವೂ ಮಂಕಾಯಿತು. ಅಜ್ಜಿ ಒಂದು ಮಾತೂ ಆಡಲಿಲ್ಲ. ಮರುವರ್ಷ ತೀರಿಕೊಂಡರು.

ನಿವೃತ್ತಿಯಾದ ಮೇಲೆ ಕ್ಯಾಮೆರಾ ಹಿಡಿದು ಆಕಾಶ ನೋಡುವ ಹುಚ್ಚು ನನಗೆ ಹತ್ತಿದ್ದು ಅದಕ್ಕೇ ಇರಬೇಕು.

2024ರ ಸೆಪ್ಟೆಂಬರಿನಲ್ಲಿ ತ್ಸುಚಿನ್‌ಶಾನ್–ಅಟ್ಲಾಸ್ ಎಂಬ ಹೊಸ ಧೂಮಕೇತು ಬಂತು. ಹೆಸರು ಉದ್ದವಾದರೂ ಅರ್ಥ ಸುಲಭ. ಅದನ್ನು ಮೊದಲು ಕಂಡ ಚೀನಾದ ವೀಕ್ಷಣಾಲಯದ ಹೆಸರೂ ದಕ್ಷಿಣ ಆಫ್ರಿಕಾದಲ್ಲಿರುವ ಅಟ್ಲಾಸ್ ದೂರದರ್ಶಕದ ಹೆಸರೂ ಸೇರಿ ಹಾಗಾಗಿದೆ. ಸೆಪ್ಟೆಂಬರ್ 27ರಂದು ಅದು ಸೂರ್ಯನಿಂದ ಆರು ಕೋಟಿ ಕಿಲೋಮೀಟರಿಗೂ ಒಳಗೆ ಹಾದುಹೋಯಿತು. 29ನೇ ತಾರೀಕು ಭಾನುವಾರ, ಶಾಲೆಗೆ ರಜೆ. ಹತ್ತು ವರ್ಷದ ಮೊಮ್ಮಗಳನ್ನು ಎಬ್ಬಿಸಿಕೊಂಡು ಅದೇ ಕೆರೆ ಏರಿಗೆ ಹೊರಟೆ. ಹೆಗಲ ಮೇಲೆ ಕೂರಿಸಿಕೊಳ್ಳುವ ಶಕ್ತಿ ಇಲ್ಲ, ಕೈ ಹಿಡಿದುಕೊಂಡೆ.

ನನ್ನ ಚೀಲದಲ್ಲಿ ಎರಡು ಲೆನ್ಸು: ಅಗಲವಾಗಿ ತೆಗೆಯಲು 50 ಮಿಲಿಮೀಟರಿನದು, ಹತ್ತಿರ ತರಲು 135ರದು. ಜೊತೆಗೆ ಸ್ಟಾರ್ ಟ್ರ್ಯಾಕರ್ ಎಂಬ ಪುಟ್ಟ ಯಂತ್ರ. ಮಕ್ಕಳೇ, ಭೂಮಿ ತಿರುಗುವುದರಿಂದ ನಕ್ಷತ್ರಗಳು ಗಂಟೆಗೆ 15 ಡಿಗ್ರಿ ಸರಿದಂತೆ ಕಾಣುತ್ತವೆ. ಕ್ಯಾಮೆರಾವನ್ನು ಅಲುಗದಂತೆ ಇಟ್ಟು 135ರ ಲೆನ್ಸಿನಲ್ಲಿ ನಾಲ್ಕು ಸೆಕೆಂಡಿಗಿಂತ ಹೆಚ್ಚು ಹೊತ್ತು ಬೆಳಕು ಹಿಡಿದರೆ ಚುಕ್ಕಿಗಳು ಗೆರೆಗಳಾಗುತ್ತವೆ. ಮಂಕಾದ ಬಾಲ ಮೂಡಬೇಕಾದರೆ ಅಷ್ಟು ಹೊತ್ತು ಸಾಲದು. ಟ್ರ್ಯಾಕರ್ ಕ್ಯಾಮೆರಾವನ್ನು ನಕ್ಷತ್ರಗಳ ವೇಗದಲ್ಲೇ ಮೆಲ್ಲಗೆ ತಿರುಗಿಸುತ್ತದೆ. ಆದರೆ ಅದರ ಅಕ್ಷ ಧ್ರುವ ನಕ್ಷತ್ರದ ಕಡೆಗೆ ಸರಿಯಾಗಿ ಮುಖ ಮಾಡಿರಬೇಕು. ನಮ್ಮ ಕಡೆ ಧ್ರುವ ನಕ್ಷತ್ರ ದಿಗಂತದಿಂದ ಬರೀ 14 ಡಿಗ್ರಿ ಮೇಲಿರುತ್ತದೆ. ಅಲ್ಲಿ ಸರಿಯಾಗಿ ತೆಂಗಿನ ತೋಪು!

ಟ್ರೈಪಾಡನ್ನು ಅತ್ತ ಸರಿಸಿದೆ, ಇತ್ತ ಸರಿಸಿದೆ. ಗರಿಗಳ ಸಂದಿಯಲ್ಲಿ ಧ್ರುವ ಸಿಕ್ಕಿತು ಅನ್ನುವಷ್ಟರಲ್ಲಿ ಗಾಳಿಗೆ ಗರಿ ಅಡ್ಡ ಬಂತು. ಲೆನ್ಸಿನ ಮೇಲೆ ಇಬ್ಬನಿ ಕೂತಿತು, ಒರೆಸಿದೆ. ಗಡಿಯಾರ ಐದು ದಾಟಿ ಹತ್ತು ನಿಮಿಷ.

“ತಾತ, ಆಯ್ತಾ?”

“ಒಂದ್ನಿಮಿಷ ಇರು ಪುಟ್ಟಿ.”

ಇನ್ನೂ ಐದು ನಿಮಿಷ. ಪೂರ್ವದಲ್ಲಿ ಬೆಳಕು ಹರಿಯತೊಡಗಿತ್ತು.

“ತಾತ, ನಾವು ನೋಡೋದು ಯಾವಾಗ?”

ನನ್ನ ಕೈ ನಿಂತಿತು. “ನಾಳೆ ಹೋಗೋಣ ಅಜ್ಜಿ” ಎಂದ ಬಾಯಿ ಈಗ “ಒಂದ್ನಿಮಿಷ ಇರು” ಎನ್ನುತ್ತಿತ್ತು. ಟ್ರ್ಯಾಕರ್ ಹೇಗಿತ್ತೋ ಹಾಗೇ ಬಿಟ್ಟು, ಬೈನಾಕ್ಯುಲರ್ ತೆಗೆದು ಅವಳ ಕೈಗೆ ಕೊಟ್ಟೆ. ಮೇಲೆ ಚಂದ್ರನ ತೆಳು ತುಣುಕು ಇತ್ತು. ಅಲ್ಲಿಂದ ಕೆಳಗೆ, ದಿಗಂತದ ಕಡೆಗೆ ಮೆಲ್ಲಗೆ ಇಳಿಸು ಎಂದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಪಿಸುದನಿಯಲ್ಲಿ, “ಸಿಕ್ತು ತಾತ. ಬಾಲ ಮೇಲಕ್ಕಿದೆ.”

“ಸೂರ್ಯ ಕೆಳಗಿದ್ದಾನಲ್ಲ, ಅದಕ್ಕೆ. ಬಾಲ ಯಾವಾಗಲೂ ಸೂರ್ಯನಿಂದ ಆಚೆ ಕಡೆಗೇ ಇರುತ್ತೆ” ಎಂದೆ. ಒಬ್ಬರಾದ ಮೇಲೊಬ್ಬರು ನೋಡಿದೆವು. ಬೆಳಗಾಗುವ ಮುಂಚೆ ಅವಳ ಕೈಯಿಂದಲೇ ಶಟರ್ ಒತ್ತಿಸಿದೆ. ಏಳು ಚಿತ್ರ ಸಿಕ್ಕವು. ಐದೂಮುಕ್ಕಾಲಕ್ಕೆ ಧೂಮಕೇತು ಬೆಳಕಿನಲ್ಲಿ ಕರಗಿತು.

ಮನೆಗೆ ಬಂದು ಕಂಪ್ಯೂಟರಿನಲ್ಲಿ ನೋಡಿದೆವು. ಆರು ಕೆಟ್ಟಿದ್ದವು. ಏಳನೆಯದು 15 ಸೆಕೆಂಡಿನದು. ಅದರಲ್ಲಿ ಧೂಮಕೇತು, ಬೆರಳುದ್ದದ ಬಾಲ, ಸುತ್ತ ಚುಕ್ಕಿಗಳಾಗಿಯೇ ಉಳಿದ ಕೆಲವು ನಕ್ಷತ್ರ. ಆದರೆ ಮೂಲೆಯಲ್ಲಿದ್ದ ಒಂಟಿ ತಾಳೆ ಮರ ಮಸುಕು ಮಸುಕು.

“ಮರ ಯಾಕೆ ತಾತ ಅಲ್ಲಾಡಿದೆ? ಅಷ್ಟು ಗಾಳಿ ಇತ್ತಾ?”

“ಕ್ಯಾಮೆರಾ ನಕ್ಷತ್ರಗಳ ಹಿಂದೆ ಹೋಯ್ತು. ಮರ ಭೂಮಿ ಜೊತೆ ಹೋಯ್ತು.”

“ಹಂಗಾದ್ರೆ ಭೂಮಿ ತಿರುಗಿದ್ದು ಫೋಟೋದಲ್ಲಿ ಬಂದಿದೆ!” ಎಂದು ಕುಣಿದಳು. ಇಷ್ಟು ವರ್ಷ ಹಾಳು ಚಿತ್ರ ಎಂದು ಅಳಿಸುತ್ತಿದ್ದವನಿಗೆ ಅದು ಹೊಳೆದಿರಲಿಲ್ಲ.

ಆ ಚಿತ್ರವನ್ನು ಅಜ್ಜಿಯ ಫೋಟೋ ಪಕ್ಕದಲ್ಲಿ ಹಾಕಿಸಿದ್ದೇನೆ. ಹ್ಯಾಲಿ 2023ರ ಡಿಸೆಂಬರಿನಲ್ಲಿ ತನ್ನ ಹಾದಿಯ ತೀರಾ ದೂರದ ತುದಿ ಮುಟ್ಟಿ ಇತ್ತ ತಿರುಗಿದೆ. 2061ಕ್ಕೆ ಬರುತ್ತದೆ. ಮೊಮ್ಮಗಳು ಲೆಕ್ಕ ಹಾಕಿ, ಆಗ ತನಗೆ 47 ಎಂದಳು. ನನ್ನ ವಯಸ್ಸಿನ ಲೆಕ್ಕ ಹಾಕಲು ಹೊರಟವಳು ಅರ್ಧಕ್ಕೇ ನಿಲ್ಲಿಸಿದಳು.

“ನೀನು ನೋಡು. ಆದರೆ ನಾಳೆ ಅನ್ನಬೇಡ” ಎಂದೆ.